ನಿಂತಲ್ಲೇ ಇಳಿದ ಚಾರ್ಜು

ಕೀಲಿಯನ್ನು ಅಣ್ಣನ ಕೈಗೆ ಕೊಡಲಿಲ್ಲ ತಮ್ಮ. ಕಾರಿನ ಬಾನೆಟ್ ಮೇಲಿಟ್ಟು ಹಿಂದೆ ಸರಿದು ನಿಂತ. "ಎಲ್ಲಾ ನೆಟ್ಟಗಿದ್ಯಾ ನೋಡ್ಕೊ."

ಪರವೂರಿನ ಕೆಲಸ ಮುಗಿಸಿ ಅಣ್ಣ ಅಂದೇ ಬಂದಿದ್ದ. ಹೋಗುವಾಗ ಹೊಸ ಎಲೆಕ್ಟ್ರಿಕ್ ಕಾರನ್ನು ತಮ್ಮನ ಶೆಡ್ಡಿನಲ್ಲಿ ನಿಲ್ಲಿಸಿ, "ಅಮ್ಮನಿಗೆ ಬೇಕಾದ್ರೆ ತಗೊಂಡು ಹೋಗು" ಎಂದು ದೊಡ್ಡ ಮನಸ್ಸು ತೋರಿಸಿದ್ದ. ಆ ದೊಡ್ಡ ಮನಸ್ಸು ಹೆಚ್ಚು ದಿನ ಬಾಳಲಿಲ್ಲ. ಊಟದ ಮಧ್ಯೆ, ಮೀಟಿಂಗಿನ ಮಧ್ಯೆ, ಹಲ್ಲುಜ್ಜುತ್ತಾ ಕೂಡ ಫೋನಿನಲ್ಲಿ ಕಾರಿನ ಚಾರ್ಜು ನೋಡುವ ಚಟ ಹತ್ತಿತು. ನೋಡಿದಾಗಲೆಲ್ಲ ಅದು ಇಳಿದಿರುತ್ತಿತ್ತು. ಕಾರು ಎಷ್ಟು ಓಡಿದೆ ಎನ್ನುವುದೂ ಅದೇ ಫೋನಿನಲ್ಲಿತ್ತು. ಅತ್ತ ಕಣ್ಣು ಹಾಯಿಸುವ ಬುದ್ಧಿ ಮಹಾಶಯನಿಗೆ ಬರಲಿಲ್ಲ.

"ಬಿಟ್ಟಿ ಸಿಕ್ತು ಅಂತ ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಮೆರೀತಿದ್ದೀಯಾ? ಇನ್ನು ಕೀಲಿ ಮುಟ್ಬೇಡ," ಎಂದು ಫೋನು ಮಾಡಿ ಬೈದ.

"ಆಯ್ತು," ಎಂದಷ್ಟೇ ಹೇಳಿದ ತಮ್ಮ. ಅವನು ಅಲ್ಲಿಯವರೆಗೂ ಮುಟ್ಟಿರಲಿಲ್ಲ.

ಆಮೇಲೊಂದು ಮಧ್ಯಾಹ್ನ ಅಮ್ಮನ ಬಾಯಿ ಸೊಟ್ಟಗಾಗಿ ಮಾತು ತೊದಲಿತು. ಕೀಲಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ತಮ್ಮ ಅದನ್ನು ನೋಡಿದ; ಅಣ್ಣನ ಬೈಗುಳ ನೆನಪಾಯಿತು; ಬಾಡಿಗೆ ಗಾಡಿ ಹುಡುಕಿಕೊಂಡು ಬೀದಿಗೆ ಓಡಿದ. ಬಿಸಿಲಿಗೆ ಬೀದಿ ಬಿಕೋ ಎನ್ನುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, "ಇನ್ನೂ ಬೇಗ ತರಬೇಕಿತ್ತು," ಎಂದರು.

ಈಗ ಚಾರ್ಜು ತಳ ಕಂಡಿತ್ತು. ಅಣ್ಣ ಕಂಪನಿಗೆ ಫೋನು ಹಚ್ಚಿ ರೇಗಾಡಿದ. ಆ ಕಡೆಯ ಹುಡುಗಿ ಸಮಾಧಾನವಾಗಿಯೇ ಹೇಳಿದಳು: "ಸರ್, ಗಾಡಿ ನಿಂತಲ್ಲೇ ಇದೆ, ಒಂದು ಕಿಲೋಮೀಟರೂ ಓಡಿಲ್ಲ. ನೀವು ಫೋನಲ್ಲಿ ನೋಡ್ದಾಗಲೆಲ್ಲ ಮಲಗಿರೋ ಗಾಡಿ ಎದ್ದು ಉತ್ತರ ಕೊಡತ್ತೆ. ಚಾರ್ಜು ಅದಕ್ಕೇ ಖರ್ಚಾಗಿದೆ."

ಅಣ್ಣನ ಮುಖ ಕಪ್ಪಿಟ್ಟಿತು. "ಅಲ್ಲ ಕಣೋ, ನಾನೇನೋ ಅಂದೆ... ಅಮ್ಮನಿಗೆ ಹಾಗಾದಾಗಲಾದ್ರೂ ಕಾರು ತೆಗೀಬಾರ್ದಿತ್ತಾ?"

"ತೆಗೀಬೇಕಿತ್ತು. ಹಟ ಮಾಡ್ದೆ. ಅದನ್ನ ನಾನು ಸಾಯೋವರೆಗೂ ಅನುಭವಿಸ್ತೀನಿ. ನಿನ್ನ ಪಾಲಿಂದು ನೀನು ಅನುಭವಿಸು."

ಅಣ್ಣ ಬಾನೆಟ್ ಮೇಲಿದ್ದ ಕೀಲಿ ಎತ್ತಿಕೊಂಡ.

"ಶೆಡ್ಡು ಖಾಲಿ ಮಾಡ್ಕೊಡು," ಎಂದ ತಮ್ಮ. "ಅಮ್ಮನ ಗಾಲಿಕುರ್ಚಿ ಮನೆ ಒಳಗಡೆ ತಿರುಗಲ್ಲ, ಇಲ್ಲೇ ಜಾಗ ಮಾಡ್ಬೇಕು."

ಮಾತು ಕೇಳಿಸಿ ಅಮ್ಮ ಕಿಟಕಿಯತ್ತ ಕತ್ತು ಹೊರಳಿಸಿದಳು. ದೊಡ್ಡ ಮಗ ಬಂದದ್ದು ಕಂಡು ನಕ್ಕಳು. ಮುಖದ ಒಂದು ಕಡೆ ಮಾತ್ರ ನಕ್ಕಿತು.