ಹಿತ್ತಾಳೆ ತಿಂದ ಎಣ್ಣೆ

ನಾನು ಒಂದು ಗೇರ್‌ಬಾಕ್ಸ್. ಕಾರು ಓಡುವುದನ್ನು ಎಲ್ಲರೂ ನೋಡುತ್ತಾರೆ. ಅದರ ಹೊಟ್ಟೆಯಡಿ, ಕತ್ತಲಲ್ಲಿ, ಎಣ್ಣೆಯಲ್ಲಿ ಮುಳುಗಿ ದುಡಿಯುವ ನನ್ನನ್ನು ಯಾರೂ ನೋಡುವುದಿಲ್ಲ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರು ಉಕ್ಕಿನ ಹಲ್ಲುಗಾಲಿಗಳ ನಡುವೆ ಹಿತ್ತಾಳೆಯ ಉಂಗುರಗಳನ್ನು ಕೂರಿಸಿದರು. ಎರಡು ಗಾಲಿಗಳ ವೇಗವನ್ನು ಸಮಕ್ಕೆ ತಂದು ಸದ್ದಿಲ್ಲದೆ ಜೊತೆಗೂಡಿಸುವುದು ಅವುಗಳ ಕೆಲಸ. ನನ್ನೊಳಗೆ ಮೆತ್ತಗಿನದು ಅಂತ ಇದ್ದದ್ದು ಅವು ಮಾತ್ರ.

ನನ್ನ ಮೊದಲ ಯಜಮಾನರು ಚಳ್ಳಕೆರೆಯ ದನದ ಡಾಕ್ಟರು. ಕಾರಿನ ಪುಸ್ತಕದಲ್ಲಿ ಹೇಳಿದ ತೆಳು ಎಣ್ಣೆಯನ್ನೇ ಹಾಕಿಸುತ್ತಿದ್ದರು. ವರ್ಗವಾದಾಗ ಕಾರನ್ನು ಕಡ್ಲೆಕಾಯಿ ಎಣ್ಣೆ ಮಿಲ್ಲಿನ ತಿಪ್ಪೇರುದ್ರಪ್ಪನವರಿಗೆ ಮಾರಿದರು. ಡ್ರೈವರ್ ಓಬಳೇಶನೂ ಕಾರಿನ ಜೊತೆಗೇ ಹೋದ. ಹಾಲು ಕರೆಯುವವರು ಕೆಚ್ಚಲು ಮುಟ್ಟುವ ಹಾಗೆ ಅವನು ಗೇರ್ ಮುಟ್ಟುತ್ತಿದ್ದ.

ತಿಪ್ಪೇರುದ್ರಪ್ಪನವರಿಗೊಂದು ಅಭ್ಯಾಸ. ಯಾವ ಎಣ್ಣೆಯಾದರೂ ಎರಡು ಬೆರಳ ನಡುವೆ ಒಂದು ಹನಿ ಉಜ್ಜಿ, ಎಳೆ ಎಳೆದು, ಮೂಸಿ ನೋಡಿ ತೀರ್ಪು ಕೊಡುವುದು. ಪೇಟೆಯೆಲ್ಲ ಆ ಬೆರಳನ್ನು ನಂಬಿತ್ತು. ನನಗೆ ಎಣ್ಣೆ ಬದಲಿಸುವ ದಿನ ಓಬಳೇಶ ತಂದ ಡಬ್ಬಿಗೂ ಅದೇ ಪರೀಕ್ಷೆಯಾಯಿತು.

"ಏನ್ಲಾ ಇದು, ನೀರಿದ್ದಂಗೈತೆ! ಎಳೆನೇ ಬರ್ತಿಲ್ಲ."

"ಪುಸ್ತಕದಾಗೆ ಇದನ್ನೇ ಬರೆದವ್ರೆ ಸಾವ್ಕಾರ್ರೆ. ಡಾಕ್ಟ್ರೂ ಇದನ್ನೇ ಹಾಕಿಸ್ತಿದ್ರು."

"ಸಗಣಿ ಮೂಸೋ ಡಾಕ್ಟ್ರಿಗೆ ಎಣ್ಣೆ ವಾಸನೆ ಏನ್ ಗೊತ್ತೋ! ನಮ್ಮ ಲಾರಿ ಹೌಸಿಂಗ್‌ಗೆ ಹಾಕ್ತಾರಲ್ಲ, ಅದನ್ನ ತಂದು ಹುಯ್ಯಿ. ನೋಡು, ಬೆಲ್ಲದ ಪಾಕದಂಗೆ ಎಳೆ ಬರ್ತೈತೆ."

ಹುಯ್ದರು. ಲಾರಿಯ ಹಿಂದಿನ ಗಾಲಿಗಳ ನಡುವಿನ ದಪ್ಪ ಉಕ್ಕಿಗೆಂದು ಗಂಧಕದ ಮದ್ದು ಬೆರೆಸಿದ ಎಣ್ಣೆ ಅದು. ಉಕ್ಕಿಗೆ ರಕ್ಷೆ, ನನ್ನ ಹಿತ್ತಾಳೆಗೆ ವಿಷ. ಉಂಗುರಗಳು ಕಪ್ಪಾದವು, ಒಳಗೊಳಗೇ ಉದುರತೊಡಗಿದವು. ಚಳಿಗಾಲದ ಬೆಳಗಿನಲ್ಲಿ ಎರಡನೇ ಗೇರು ಕರ್ರೆಂದು ಚೀರಿತು.

ತಿಪ್ಪೇರುದ್ರಪ್ಪನವರು ಮಿಲ್ಲಿನ ಹಮಾಲರೆದುರು ಓಬಳೇಶನ ಕೈಯಿಂದ ಕೀಲಿ ಕಿತ್ತುಕೊಂಡರು. "ಕ್ಲಚ್ ತುಳಿಯೋಕೆ ಬರಲ್ಲ, ಡ್ರೈವರ್ ಅಂತೆ! ಎತ್ತಿನ ಮೂಗುದಾರ ಹಿಡಿ, ಹೋಗು."

ಅಂದಿನಿಂದ ಅವನ ಹೆಸರು ಗೇರುಮುರುಕ. ಊರಲ್ಲಿ ಯಾರೂ ಅವನ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಪೇಟೆಯ ಟೀ ಅಂಗಡಿಯ ಬೆಂಚೇ ಅವನ ಜಾಗವಾಯಿತು. ಕಾರು ಅಲ್ಲಿ ಹಾದಾಗಲೆಲ್ಲ ನಾನು ಹಲ್ಲು ಕಡಿಯುತ್ತಿದ್ದೆ. ನನ್ನ ಉಂಗುರ ತಿಂದವನೂ ಅವನ ಅನ್ನ ಕಿತ್ತವನೂ ಒಬ್ಬನೇ. ಆ ಬೆರಳಿಗೆ ನಾಲ್ಕು ಜನರೆದುರೇ ಮಸಿ ಹತ್ತಬೇಕು ಎಂದು ಕಾದೆ.

ಎಣ್ಣೆ ಮಿಲ್ಲಿನವರ ಸಂಘಕ್ಕೆ ತಿಪ್ಪೇರುದ್ರಪ್ಪನವರು ಅಧ್ಯಕ್ಷರಾಗುವ ದಿನ ಬಂತು. ದಾವಣಗೆರೆಯ ನೆಂಟಸ್ತಿಕೆಯವರನ್ನು ಹಿಂದೆ ಕೂರಿಸಿಕೊಂಡು, ಹೆಗಲಿಗೆ ಶಾಲು ಹೊದ್ದು, ತಾವೇ ಕಾರು ಹೊರಡಿಸಿದರು. ಪೇಟೆಯ ನಟ್ಟನಡುವೆ ನಾನು ಚೂರಾದ ಉಂಗುರಗಳನ್ನೆಲ್ಲ ಒಡ್ಡಿ ನಿಂತೆ. ಮುಂದಿನ ಒಂದು ಗೇರೂ ಬೀಳಲಿಲ್ಲ. ಹಿಂದಿನದೊಂದನ್ನು ಮಾತ್ರ ಬೇಕೆಂದೇ ಬಿಟ್ಟುಕೊಟ್ಟೆ.

ಕಾರು ಹಿಮ್ಮುಖವಾಗಿಯೇ ದಸ್ತಗೀರ್‌ಸಾಬರ ಗ್ಯಾರೇಜಿನವರೆಗೆ ಹೋಯಿತು. ಜನ ಎರಡೂ ಕಡೆ ಸಾಲುಗಟ್ಟಿದರು.

"ಸಾವ್ಕಾರ್ರೆ, ನೆಂಟರನ್ನ ವಾಪಸ್ ಕಳಿಸ್ತಿದ್ದೀರೇನು?"

ದಸ್ತಗೀರ್‌ಸಾಬರು ನನ್ನ ತಳದ ಬಿರಡೆ ಬಿಚ್ಚಿದರು. ಎಣ್ಣೆ ಮಿನುಗುತ್ತಾ ಸುರಿಯಿತು. ಅಭ್ಯಾಸಬಲದಿಂದ ತಿಪ್ಪೇರುದ್ರಪ್ಪನವರು ಬೆರಳು ಅದ್ದಿ ಉಜ್ಜಿಬಿಟ್ಟರು. ಕಪ್ಪು ಎಣ್ಣೆಯ ನಡುವೆ ಹಿತ್ತಾಳೆಯ ಪುಡಿ ಹೊಳೆಯಿತು.

ಮುಚ್ಚಳ ತೆಗೆದು ಇಣುಕಿ, ಎಣ್ಣೆ ಮೂಸಿದ ದಸ್ತಗೀರ್‌ಸಾಬರು, "ಗೇರು ಎಳೆದಾಡಿದ್ರೆ ಹಲ್ಲು ಮುರೀತವೆ ಸಾವ್ಕಾರ್ರೆ. ಹಲ್ಲು ಒಂದೂ ಹೋಗಿಲ್ಲ. ಉಂಗುರ ತಿಂದಿರೋದು ಎಣ್ಣೆ. ಲಾರಿ ಎಣ್ಣೆನ ಇದಕ್ಕೆ ಹುಯ್ದೋನು ಯಾವನ್ರೀ?" ಎಂದರು.

ಎಲ್ಲರೂ ಆ ಬೆರಳನ್ನೇ ನೋಡಿದರು. ಗುಂಪಿನ ಹಿಂದೆ ಓಬಳೇಶ ನಿಂತಿದ್ದ.

"ನಾಳೆಯಿಂದ ಬಾರಪ್ಪಾ ಕೆಲ್ಸಕ್ಕೆ," ಎಂದರು ತಿಪ್ಪೇರುದ್ರಪ್ಪನವರು, ತಲೆ ಎತ್ತದೆ.

"ಮೊದ್ಲು ಬೆರಳು ಒರೆಸ್ಕಳ್ರಿ ಸಾವ್ಕಾರ್ರೆ. ಬಂಗಾರ ಅಂಟೈತೆ."

ಅವನು ಹೋಗಲಿಲ್ಲ. ಎದುರು ಮಿಲ್ಲಿನವರೇ ಕರೆದು ತಮ್ಮ ಕಾರಿನ ಕೀಲಿ ಕೊಟ್ಟರು.

ನಾನೀಗ ಗ್ಯಾರೇಜಿನ ಹಿಂದೆ, ಎಕ್ಕದ ಗಿಡದ ಬುಡದಲ್ಲಿ ಬಿದ್ದಿದ್ದೇನೆ. ಹೊಟ್ಟೆಯೊಳಗೆ ಓತಿಕ್ಯಾತ ಮನೆ ಮಾಡಿದೆ. ಸೇಡಿನಿಂದ ಏನು ಬಂತು ಎಂದು ಕೇಳಬಹುದು. ಉಂಗುರಗಳು ಮರಳಲಿಲ್ಲ, ನಿಜ. ಆದರೆ ಓಬಳೇಶ ಕಾರು ತೊಳೆಸಲು ಬಂದಾಗಲೆಲ್ಲ ದಸ್ತಗೀರ್‌ಸಾಬರಿಗೆ ಪೇಟೆಯ ಸುದ್ದಿ ಹೇಳುತ್ತಾನೆ. ತಿಪ್ಪೇರುದ್ರಪ್ಪನವರು ಎಣ್ಣೆ ಉಜ್ಜಿ ನೋಡಲು ಕೈ ಚಾಚಿದರೆ ಸಾಕು, ಗಿರಾಕಿಗಳ ಸಾಲಿನ ಕೊನೆಯಿಂದ ಯಾರಾದರೂ ಕೇಳುತ್ತಾರಂತೆ:

"ಒಗ್ಗರಣೆಗೋ ಸಾವ್ಕಾರ್ರೆ, ಗೇರಿಗೋ?"

ಕೇಳಿದಾಗಲೆಲ್ಲ, ತುಕ್ಕು ಹಿಡಿದ ನನ್ನ ಹಲ್ಲುಗಳಿಗೆ ಹೊಸ ಎಣ್ಣೆ ಬಿಟ್ಟಷ್ಟು ಹಿತವಾಗುತ್ತದೆ.