ಅತ್ತೆಯ ಬೈಕಿಗೆ ಹೊಸ ಬಣ್ಣ

ಅತ್ತೆಯ ಹಳೇ ಬೈಕನ್ನು ಪೂರ್ತಿ ಬಿಚ್ಚಿ, ಚಾಸಿಸ್ಸಿಗೆಲ್ಲ ಕನ್ನಡಿಯಂತೆ ಹೊಳೆಯುವ ಕಪ್ಪು ಬಣ್ಣ ಹೊಡೆದು ಮತ್ತೆ ಜೋಡಿಸಿದವನು ನಾನೇ. ಆಮೇಲೆ ಅದು ಸ್ಟಾರ್ಟೇ ಆಗಲಿಲ್ಲ. ಹೊಸ ಪ್ಲಗ್ಗು, ಹೊಸ ಬ್ಯಾಟರಿ ಹಾಕಿದರೂ ಕಿಡಿ ಹಾರಲಿಲ್ಲ. ಕಿಕ್ ಹೊಡೆದು ಹೊಡೆದು ನನ್ನ ಕಾಲು ಬಿದ್ದುಹೋಯಿತು.

"ಈ ದರಿದ್ರಾನ ಗುಜರಿಗೆ ಹಾಕು ಅತ್ತೆ!" ಎಂದು ರೇಗಿದೆ.

ಅತ್ತೆ ಬ್ಯಾಟರಿಯಿಂದ ಚಾಸಿಸ್ಸಿಗೆ ಬರುವ ಅರ್ತ್ ವೈರಿನ ಬೋಲ್ಟು ಬಿಚ್ಚಿ, ಅದರಡಿಯ ಬಣ್ಣವನ್ನು ಚಾಕುವಿನಿಂದ ಕರಕರ ಕೆರೆದಳು.

"ಅಯ್ಯೋ, ನನ್ನ ಬಣ್ಣ!"

"ಒಂದು ಚೂರೂ ಜಾಗ ಬಿಟ್ಟಿಲ್ವಲ್ಲೋ ಮಹರಾಯ! ಇಷ್ಟು ಚೆನ್ನಾಗಿ ಹೊಡೆದ್ರೆ ಬಣ್ಣ ದಾಟಿ ಕರೆಂಟು ಹೇಗೆ ವಾಪಸ್ ಬರ್ಬೇಕು?"

ಹೊಳೆವ ಕಬ್ಬಿಣಕ್ಕೆ ವೈರು ತಾಗಿಸಿ, ಬೋಲ್ಟು ಬಿಗಿದು, ಅತ್ತೆ ಒಂದೇ ಕಿಕ್ ಹೊಡೆದಳು. ಬೈಕು ಗುಡುಗಿತು.

"ಹತ್ತು," ಎಂದಳು.

ನಾನು ಹಿಂದಿನ ಸೀಟಿಗೆ ಹತ್ತಿದೆ.