ಅಲ್ಲೇನೂ ಇಲ್ಲ

"ನೆಟ್ಟಗೆ ತಳ್ಳೇ, ದರಿದ್ರದವಳೇ! ಪ್ಯಾಂಟಿಗೆಲ್ಲ ಕೆಸರು ಹಾರಿಸ್ತಿದೀಯಲ್ಲ, ನಿಮ್ಮಪ್ಪ ಬಂದು ಒಗೆದು ಕೊಡ್ತಾನಾ?"

ಒಗೆದು ಕೊಡಲು ಗುಮಾನಕ್ಕನ ಅಪ್ಪ ಬದುಕಿರಲಿಲ್ಲ. ಬದುಕಿದ್ದಾಗಲೂ ಅವನು ತನ್ನ ಬಟ್ಟೆಯನ್ನೇ ಒಗೆದುಕೊಂಡವನಲ್ಲ. ಅವಳು ಎಡ ಮೊಣಕಾಲನ್ನು ಹಲಗೆಯ ಮೇಲೆ ಊರಿ, ಬಲಗಾಲಿನಿಂದ ಕೆಸರನ್ನು ಹಿಂದಕ್ಕೆ ಒದ್ದಳು. ಹಲಗೆ ಒಂದು ಮಾರು ಮುಂದೆ ಜಾರಿತು. ದಿನವೂ ಬುಟ್ಟಿ ಕೂರುತ್ತಿದ್ದ ಜಾಗದಲ್ಲಿ ಇವತ್ತು ಸರ್ವೆ ಸಾಹೇಬ ಕೂತಿದ್ದ. ಬೂಟು ಒದ್ದೆಯಾಗಬಾರದೆಂದು ಎರಡೂ ಪಾದಗಳನ್ನು ಅವಳ ಬುಟ್ಟಿಯೊಳಗೆ ಇಟ್ಟುಕೊಂಡಿದ್ದ. ಅದರ ತಳದಲ್ಲಿ ಅವಳ ಬುತ್ತಿಯ ಗಂಟು ಇತ್ತು. ಅದು ಆಗಲೇ ಚಪ್ಪಟೆಯಾಗಿ ಹೋಗಿತ್ತು.

ದೊಡ್ಡ ದ್ವೀಪಕ್ಕೂ ಚಿಕ್ಕ ದ್ವೀಪಕ್ಕೂ ನಡುವೆ ಇರುವುದು ನೀರೆಂದು ದೂರದವರು ತಿಳಿದಿದ್ದಾರೆ. ದಿನಕ್ಕೆ ಎರಡು ಸಲ ಇಳಿತದಲ್ಲಿ ಆ ನೀರು ಜಾರಿಹೋದ ಮೇಲೆ ಉಳಿಯುವುದು ಬರೀ ಕೆಸರು ಬಯಲು. ಕಾಲಿಟ್ಟರೆ ತೊಡೆಯ ತನಕ ಹೂತುಕೊಳ್ಳುತ್ತದೆ. ಹಲಗೆಯಿದ್ದವರು ಮಾತ್ರ ಅದರ ಮೇಲೆ ಓಡಾಡಬಲ್ಲರು. ಚಿಕ್ಕ ದ್ವೀಪದ ಹೆಂಗಸರು ಹೀಗೆ ಹಲಗೆ ತಳ್ಳಿಕೊಂಡು ಹೋಗಿ, ಕೆಸರಿಗೆ ಕೈ ಹಾಕಿ, ಕಪ್ಪೆಚಿಪ್ಪು ಕಿತ್ತು ಹೊಟ್ಟೆ ಹೊರೆಯುವವರು. ಈಗ ಎರಡೂ ದ್ವೀಪಗಳ ನಡುವೆ ಫೆರಿ ಬರುತ್ತದಂತೆ, ಅದಕ್ಕೆ ದಾರಿ ಅಳೆಯಬೇಕಂತೆ, ಅಳೆಯುವವನಿಗೆ ಹಲಗೆ ಬೇಕಂತೆ.

"ಆ ಕಡೆ ಯಾಕೆ ಒಂದು ಹೆಜ್ಜೆ ಗುರುತೂ ಇಲ್ಲ?" ಸಾಹೇಬ ಬಲಗಡೆಯ ನುಣ್ಣನೆ ದಿಬ್ಬದ ಕಡೆ ಬೆರಳು ತೋರಿಸಿದ. ಮೂಗಿನಿಂದ ಕರವಸ್ತ್ರ ತೆಗೆಯಲಿಲ್ಲ.

ಅದು ತೊಟ್ಟಿಲ ದಿಬ್ಬ. ಬಯಲಿನ ಚಿಪ್ಪುಗಳೆಲ್ಲ ಮರಿಯಾಗಿ ಬೆಳೆಯುವುದು ಅಲ್ಲೇ. ಉಬ್ಬರದ ನೀರು ಅವನ್ನು ಅಲ್ಲಿಂದಲೇ ಹೊತ್ತು ಬಯಲಿಗೆಲ್ಲ ಹಂಚುತ್ತದೆ. ಅದರ ಮೇಲೆ ಯಾರೂ ಕಾಲಿಡುವುದಿಲ್ಲ. ಹಸಿವಿನಿಂದ ಸಾಯುತ್ತಿದ್ದರೂ ಇಡುವುದಿಲ್ಲ. ಹೊರಗಿನವರು ಕೇಳಿದರೆ ಹೇಳಬೇಕಾದ ಮಾತೂ ಒಂದೇ, ಅದನ್ನು ಅತ್ತೆಯರು ಸೊಸೆಯರಿಗೆ ಹಲಗೆಯ ಜೊತೆಗೇ ಕೊಡುತ್ತಿದ್ದರು. ಗುಮಾನಕ್ಕನ ಅತ್ತೆಯ ಕಾಲದಲ್ಲಿ ಒಬ್ಬ ಹುಡುಗಿ ಪರದೇಶಿಯೊಬ್ಬನಿಗೆ ಬೆರಳು ಮಾಡಿ ತೋರಿಸಿದ್ದಳು. ಅವನು ದೋಣಿಗೆ ಕಬ್ಬಿಣದ ಹಲ್ಲು ಕಟ್ಟಿಕೊಂಡು ಬಂದು ಎರಡು ದಿಬ್ಬ ಬರಿದು ಮಾಡಿ ಹೋದ. ಅಲ್ಲಿ ಇವತ್ತಿಗೂ ಒಂದು ಚಿಪ್ಪು ಹುಟ್ಟಿಲ್ಲ.

"ಅಲ್ಲೇನೂ ಇಲ್ಲ ಸ್ವಾಮಿ," ಎಂದಳು.

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ ಇಲ್ಲ. ಬರೀ ಕೊಳೆತ ಕೆಸರು. ನಾಯೀನೂ ಮೂಸಲ್ಲ."

ಸಾಹೇಬ ಅವಳ ಮಾತನ್ನು ಒಂದು ಕಾಗದದಲ್ಲಿ ಬರೆದು ಚಾಚಿದ. "ಇದ್ರ ಮೇಲೆ ಒಂದು ಹೆಬ್ಬೆಟ್ಟು ಒತ್ತು."

"ನಾನು ಒತ್ತಲ್ಲ. ನನ್ನ ಮದುವೇಲೂ ಒತ್ತಿಲ್ಲ."

ಹುಟ್ಟಿದಾಗ ಇಟ್ಟ ಹೆಸರು ಊರಿಗೆ ಮರೆತುಹೋಗಿ ಗುಮಾನಕ್ಕ ಎಂಬ ಹೆಸರೇ ನಿಂತದ್ದು ಸುಮ್ಮನೆ ಅಲ್ಲ. ವೈದ್ಯರು ಕೊಟ್ಟ ಮಾತ್ರೆಯನ್ನು ಅವಳು ಮೊದಲು ಕೋಳಿಗೆ ಹಾಕಿ ನೋಡುತ್ತಿದ್ದಳು. ಸಾಹೇಬ ನಕ್ಕು ಕಾಗದ ಮಡಚಿ, ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದ. "ಸರಿ ಬಿಡು. ಇನ್ನೊಂದು ಸಲ ಹೇಳು, ಗಟ್ಟಿಯಾಗಿ."

ಅವಳು ಗಟ್ಟಿಯಾಗಿ ಹೇಳಿದಳು. ದಡ ಮುಟ್ಟುವ ತನಕ ಅವಳಿಗೆ ಒಳಗೊಳಗೇ ನಗು. ಓದಿದ ಕತ್ತೆಗೆ ಟೋಪಿ ಹಾಕಿದೆ ಎಂದುಕೊಂಡಳು. ಸಾಹೇಬ ಇಳಿಯುವಾಗ ಅವಳ ಹೆಗಲ ಮೇಲೆ ಕೈಯೂರಿ, ಆಮೇಲೆ ಆ ಕೈಯನ್ನು ಸೋಪು ಹಾಕಿ ತೊಳೆದುಕೊಂಡ.

ಮನೆಯೆಂದರೆ ಎರಡು ಕೋಣೆ, ತಗಡಿನ ಮಾಡು, ಗೋಡೆಗೆ ಒರಗಿಸಿದ ಎರಡು ಹಲಗೆ. ಬಸುರಿ ಸೊಸೆ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದಳು.

"ಫೆರಿ ಬರೋದು ಖಂಡಿತಾನಾ ಅತ್ತೆ?"

"ಬರುತ್ತಂತೆ. ಯಾಕೆ ಬರುತ್ತೆ ಅನ್ನೋದೇ ತಿಳೀತಿಲ್ಲ. ಇಷ್ಟು ವರ್ಷ ಸತ್ವಾ ಬದುಕಿದೀವಾ ಅಂತ ಕೇಳದ ನನ್ಮಕ್ಕಳಿಗೆ ಈಗ ಏನು ನಮ್ಮ ಮೇಲೆ ಅಕ್ಕರೆ ಉಕ್ಕಿ ಹರೀತಿದೆ?"

"ನಿನಗೆ ಎಲ್ಲದ್ರಲ್ಲೂ ಕಲ್ಲೇ ಕಾಣುತ್ತೆ. ನನ್ನ ಮೊದಲ್ನೇ ಮಗು ಎಲ್ಲಿ ಸತ್ತಿದ್ದು ಹೇಳು? ಹುಟ್ಟು ಹಾಕೋ ದೋಣೀಲಿ, ನಡುನೀರಲ್ಲಿ. ದೊಡ್ಡ ದ್ವೀಪದ ಆಸ್ಪತ್ರೆ ದೀಪ ಕಾಣ್ತಿತ್ತು. ಬರ್ಲಿ ಫೆರಿ. ಬೇಗ ಬರ್ಲಿ."

ಆ ಮಗುವನ್ನು ಬಟ್ಟೆಯಲ್ಲಿ ಸುತ್ತಿ ವಾಪಸು ತಂದವಳು ಗುಮಾನಕ್ಕನೇ. ಫೆರಿ ಅವಳಿಗೂ ಬೇಕಿತ್ತು. ಕೊಡುವವರ ಕೈ ಮಾತ್ರ ಅವಳಿಗೆ ಬೇಡವಾಗಿತ್ತು.

ಅಹವಾಲು ಸಭೆ ಶಾಲೆಯ ಕೋಣೆಯಲ್ಲಿ ನಡೆಯಿತು. ಕುರ್ಚಿಗಳು ಬೇಕಾದಷ್ಟಿದ್ದರೂ ಹಲಗೆಯ ಹೆಂಗಸರನ್ನು ಕಿಟಕಿಯ ಹೊರಗೆ ನಿಲ್ಲಿಸಿದ್ದರು. "ವಾಸನೆ ಬರುತ್ತೆ, ಮೇಲಿನ ಅಧಿಕಾರಿಗಳಿಗೆ ಆಗಿಬರಲ್ಲ, ಕೇಳೋಕೆ ಕಿವಿ ಸಾಕಲ್ಲ?" ಎಂದಿದ್ದ ಮಂಡಿ ಯಜಮಾನ. ಇವರು ಕಿತ್ತ ಚಿಪ್ಪನ್ನೆಲ್ಲ ಕೊಳ್ಳುವ ಮಂಡಿ ಅವನದು. ಆ ವಾಸನೆಯಿಂದಲೇ ಅವನು ಮಹಡಿ ಮನೆ ಕಟ್ಟಿದ್ದ. ಫೆರಿ ಬಂದು ನಿಲ್ಲುವ ಕಟ್ಟೆ ಆ ಮಹಡಿ ಮನೆಯ ಎದುರಿಗೇ ಎದ್ದೇಳಲಿತ್ತು.

ಗೋಡೆಯ ಮೇಲೆ ನಕ್ಷೆ ತೂಗುಹಾಕಿದ್ದರು. ಗುಮಾನಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ, ಬಯಲು ಬರುತ್ತಿತ್ತು. ಕೆಂಪು ಗೆರೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ಕಿಟಕಿಯ ಸರಳು ಹಿಡಿದು ನೋಡಿದಳು. ಗೆರೆ ತೊಟ್ಟಿಲ ದಿಬ್ಬವನ್ನು ಸೌತೆಕಾಯಿಯ ಹಾಗೆ ನಡುವೆ ಸೀಳಿತ್ತು. ಅಲ್ಲಿ ಎರಡಾಳು ಆಳಕ್ಕೆ ಹೂಳು ಎತ್ತುತ್ತೇವೆ ಎಂದು ಸರ್ವೆ ಸಾಹೇಬ ಕೋಲಿನಿಂದ ತೋರಿಸುತ್ತಿದ್ದ.

"ಅಲ್ಲಿ ಬೇಡ!" ಅವಳು ಕಿಟಕಿಯಿಂದಲೇ ಕೂಗಿದಳು. "ಅದು ಮರಿ ಇರೋ ಜಾಗ! ಬಂಡೆ ಸುತ್ತಿ ಬನ್ನಿ, ಅಲ್ಲಿ ಆಳ ನೀರಿದೆ, ಅಗೆಯೋದೂ ಬೇಕಿಲ್ಲ. ಕಾಲು ಗಂಟೆ ಜಾಸ್ತಿ ಆಗುತ್ತೆ ಅಷ್ಟೆ!"

ಒಳಗಿದ್ದವರೆಲ್ಲ ತಿರುಗಿ ನೋಡಿದರು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, "ಯಾರದು?" ಎಂದ. ಸರ್ವೆ ಸಾಹೇಬ ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟು ಒತ್ತಿದ.

'ಅಲ್ಲೇನೂ ಇಲ್ಲ ಸ್ವಾಮಿ. ಬರೀ ಕೊಳೆತ ಕೆಸರು. ನಾಯೀನೂ ಮೂಸಲ್ಲ.'

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಗುಮಾನಕ್ಕನಿಗೆ ಮೊದಲು ಅದು ತನ್ನ ದನಿಯೆಂದು ತಿಳಿಯಲೇ ಇಲ್ಲ. ಹೆಬ್ಬೆಟ್ಟು ಕೊಡದವಳ ನಾಲಿಗೆಯನ್ನೇ ಅವನು ಜೇಬಿಗೆ ಹಾಕಿಕೊಂಡು ಹೋಗಿದ್ದ.

"ಆವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ?" ಅಧಿಕಾರಿ ಕೇಳಿದ.

"ಆವತ್ತಿಂದು... ಹಾಗಲ್ಲ ಸ್ವಾಮಿ, ನಮ್ಮಲ್ಲಿ ಯಾರು ಕೇಳಿದ್ರೂ ಹಾಗೇ ಹೇಳೋದು—"

"ಕೇಳಿದ್ರಾ ಸಾರ್? ಇವರು ಹೇಳೋದೇ ಹೀಗಂತೆ!" ಮಂಡಿ ಯಜಮಾನ ಎದ್ದು ನಿಂತ. "ಹೋಗೇ ಮುಂಡೇದೇ. ಊರಿಗೊಂದು ಒಳ್ಳೇದಾಗ್ತಿದ್ರೆ ಅಡ್ಡ ಮಲಗ್ತೀಯಾ?" ಆಮೇಲೆ ಅವನೇ ಬಂದು ಕಿಟಕಿಯ ಬಾಗಿಲು ಎಳೆದುಕೊಂಡ. ಸರಳಿನ ಮೇಲಿದ್ದ ಅವಳ ಬೆರಳುಗಳಿಗೆ ಅದು ಬಡಿಯಿತು.

ಹೊರಗೆ ಹೆಂಗಸರು ಅವಳನ್ನು ಸುತ್ತುಗಟ್ಟಿದರು. ಅವಳ ಸ್ವಂತ ತಂಗಿಯೇ ಮೊದಲು ಬಾಯಿ ಬಿಟ್ಟಳು. "ನಿನ್ನ ಗುಮಾನಿಗೆ ಬೆಂಕಿ ಬೀಳ! ಯಾರಿಗೆ ಏನು ಹೇಳ್ಬೇಕು ಅಂತ ಗೊತ್ತಾಗಲ್ವಾ ನಿನಗೆ?"

"ನೀನಾಗಿದ್ರೆ ಏನು ಹೇಳ್ತಿದ್ದೆ?"

ತಂಗಿಯೂ ಅದನ್ನೇ ಹೇಳುತ್ತಿದ್ದಳು. ಅಲ್ಲಿದ್ದ ಅಷ್ಟೂ ಹೆಂಗಸರು ಅದನ್ನೇ ಹೇಳುತ್ತಿದ್ದರು. ಅದಕ್ಕೇ ಅವರ ಸಿಟ್ಟು ಇಳಿಯಲಿಲ್ಲ.

ಹತ್ತು ದಿನ ಕಳೆದ ಮೇಲೆ ಹೂಳೆತ್ತುವ ಯಂತ್ರ ಬಂದು ಆಳದ ನೀರಿನಲ್ಲಿ ನಿಂತಿತು. ಮಧ್ಯಾಹ್ನದ ಉಬ್ಬರ ಏರುತ್ತಿದ್ದ ಹಾಗೆ ಒಳಕ್ಕೆ ಬರುತ್ತದೆ. ಅಷ್ಟರೊಳಗೆ ಅದಕ್ಕೆ ದಾರಿ ತೋರಿಸಲು ಕೆಂಪು ಬಾವುಟಗಳನ್ನು ನೆಡಬೇಕು. ಸಾಹೇಬ ಹಲಗೆ ಬೇಕೆಂದು ಹೇಳಿಕಳಿಸಿದ. ಒಬ್ಬ ಹೆಂಗಸೂ ಒಪ್ಪಲಿಲ್ಲ. ಗುಮಾನಕ್ಕ ಗೋಡೆಗೆ ಒರಗಿಸಿದ್ದ ಹಲಗೆ ತೆಗೆದಳು.

ಸೊಸೆ ಬಾಗಿಲಿಗೆ ಅಡ್ಡ ನಿಂತಳು. ಸಭೆ ನಡೆದ ದಿನದಿಂದ ಅವಳು ಫೆರಿಯ ಮಾತೆತ್ತಿರಲಿಲ್ಲ. "ಅತ್ತೆ, ನಿಜ ಹೇಳು. ನಿನ್ನನ್ನ ಕೊಂಡ್ಕೊಂಡ್ರಾ?"

ಗುಮಾನಿ ಸೊಸೆಗೂ ಅಂಟಿದ್ದು ಕಂಡು ಗುಮಾನಕ್ಕನಿಗೆ ನೋವಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು. "ಕೇಳು, ಕೇಳು. ಹೀಗೇ ಎಲ್ಲರನ್ನೂ ಕೇಳ್ತಿರು. ಎಲ್ಲರನ್ನೂ ಕರ್ಕೊಂಡು ದಡಕ್ಕೆ ಬಾ, ಹಲಗೆ ಹಿಡ್ಕೊಂಡು ಬರೋಕೆ ಹೇಳು," ಎಂದು ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊರಟಳು. ದಾರಿಯಲ್ಲಿ ತಂಗಿ ಅವಳ ಕಾಲ ಬುಡಕ್ಕೆ ಉಗಿದಳು.

ಸಾಹೇಬ ಅವತ್ತು ಖುಷಿಯಲ್ಲಿದ್ದ. ಬಾವುಟದ ಕಟ್ಟು ತೊಡೆಯ ಮೇಲೆ, ಬೂಟು ಮತ್ತೆ ಬುಟ್ಟಿಯಲ್ಲಿ. "ನೋಡಿದ್ಯಾ, ಕೊನೆಗೆ ನಿನಗೇ ಬುದ್ಧಿ ಬಂತು. ಹೊಟ್ಟೆಗಿಂತ ದೊಡ್ಡ ಹಟ ಇರ್ಬಾರ್ದು ಕಣೇ."

"ಹೌದು ಸ್ವಾಮಿ."

"ಇಲ್ಲೇ ಬಲಕ್ಕೆ ತಿರುಗ್ಸು."

ಅವಳು ತಿರುಗಿಸಿದಳು. ತೊಟ್ಟಿಲ ದಿಬ್ಬದ ಅಂಚಿನಲ್ಲಿ ಕಾಲು ತಾನಾಗಿಯೇ ನಿಂತುಬಿಟ್ಟಿತು. ಐವತ್ತು ವರ್ಷ ಸುತ್ತು ಬಳಸಿ ಹೋದ ಕಾಲು ಅದು. ಅವಳು ಹಲ್ಲು ಕಚ್ಚಿ ಒದ್ದಳು. ಹಲಗೆಯ ಅಡಿಯಲ್ಲಿ ಕರಕರ ಎಂದು ಸದ್ದಾಯಿತು. ಮರಿಗಳ ಚಿಪ್ಪು, ಇನ್ನೂ ಉಗುರಿನಷ್ಟು ದಪ್ಪವೂ ಆಗದ್ದು. ಅಳು ಬಂತು, ತಡೆಯಲಿಲ್ಲ. ಮುಂದೆ ಕೂತವನಿಗೆ ಅದು ಕಾಣುವಂತಿರಲಿಲ್ಲ.

ದಿಬ್ಬದ ನಡುಮಧ್ಯೆ ಹಲಗೆ ನಿಲ್ಲಿಸಿ ಅವಳು ಕೆಸರಿಗೆ ಇಳಿದಳು. "ಇಳೀರಿ."

"ಇಲ್ಲೆಲ್ಲಿ ಇಳೀತಾರೆ? ಹುಚ್ಚು ಹಿಡೀತಾ?"

"ಏನೂ ಇಲ್ಲದ ಜಾಗ ಅಲ್ವಾ ಸ್ವಾಮಿ? ಬಾವುಟ ನೆಡಿ." ಹಲಗೆಯ ಅಂಚು ಹಿಡಿದು ಮಗ್ಗುಲಿಗೆ ಎತ್ತಿದಳು, ಬುಟ್ಟಿಯಿಂದ ಚಿಪ್ಪು ಸುರಿಯುವ ಹಾಗೆ. ಸಾಹೇಬ, ಬಾವುಟ, ಬುತ್ತಿಯ ಗಂಟು ಎಲ್ಲವೂ ಸುರಿದವು.

ಅವನು ಏಳಲು ಹೋಗಿ ತೊಡೆಯ ತನಕ ಹೂತುಕೊಂಡ. ಒಂದು ಕಾಲು ಕಿತ್ತರೆ ಇನ್ನೊಂದು ಇಳಿಯಿತು. ಬೂಟು ಕೆಸರಿನಲ್ಲೇ ಉಳಿಯಿತು. "ಅಯ್ಯೋ! ಕಾಲು! ಏನೋ ಕೊಯ್ತು ಕಣೇ, ಸೂಳೆಮುಂಡೆ, ಹಲಗೆ ಕೊಡೇ!"

ಗುಮಾನಕ್ಕ ಹಲಗೆಯನ್ನು ಒಂದು ಮಾರು ಆಚೆಗೆ ಜಾರಿಸಿ ಅದರ ಮೇಲೆ ಕೂತಳು. ಅವನು ಹೊರಳಿ ಬಿದ್ದಾಗ ಪಕ್ಕದ ಕೆಸರಿಗೆ ಎಗರಿದ್ದ ಫೋನನ್ನು ಎತ್ತಿ, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಒರೆಸಿದಳು.

"ಏನು ಕೊಯ್ತು ಸ್ವಾಮಿ? ಅಲ್ಲೇನೂ ಇಲ್ವಲ್ಲ."

ಅವನು ಬೈದ. ಪೊಲೀಸು, ಜೈಲು, ಮನೆ ಸುಡಿಸುತ್ತೇನೆ ಎಂದ. ಅವಳು ಕೇಳಿಸಿಕೊಂಡಳು. ಬಯಲಿನ ಅಂಚಿನಲ್ಲಿ ನೀರು ತಿರುಗಿತ್ತು; ಮೊದಲ ತೆಳುಪದರ ಸದ್ದಿಲ್ಲದೆ ಹರಿದು ಬಂದು ಬಿದ್ದಿದ್ದ ಬಾವುಟಗಳನ್ನು ಮೆಲ್ಲಗೆ ಎತ್ತಿತು. ದೂರದಲ್ಲಿ ಯಂತ್ರ ಒಂದು ಸಲ ಕೂಗು ಹಾಕಿತು.

ಅವನ ದನಿ ಇಳಿಯಿತು. "ಅಕ್ಕಾ... ನೀರು ಬರ್ತಿದೆ ಅಕ್ಕಾ."

"ಬರ್ತಿದೆ. ನಾನೂ ಇಲ್ಲೇ ಇದೀನಲ್ಲ." ಅವಳು ಹಲಗೆಯಿಂದಲೇ ಮುಂದಕ್ಕೆ ಬಾಗಿ ಫೋನು ಚಾಚಿದಳು. "ಅವತ್ತು ನನ್ನ ಮಾತು ತಗೊಂಡ್ರಿ. ಇವತ್ತು ನಿಮ್ಮ ಮಾತು ಕೊಡಿ. ಒತ್ತೋದು ಎಲ್ಲಿ ಅಂತ ತೋರ್ಸಿ."

ಅವನು ಕೆಸರು ಮೆತ್ತಿದ ಬೆರಳಿನಿಂದ ಒತ್ತಿದ. "ಇದೆ! ಇಲ್ಲಿ ಚಿಪ್ಪಿದೆ! ಇದೆ ಅಂದ್ನಲ್ಲ, ಹಲಗೆ ಕೊಡು!"

ಗುಮಾನಕ್ಕ ಅವನ ಮುಖವನ್ನೇ ನೋಡಿದಳು. ಆ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೇಳುವವನನ್ನು ಹೇಗಾದರೂ ಸಾಗಹಾಕಬೇಕೆಂದು ಹೇಳುವ ದನಿ. ತಾನೂ ಅದರಲ್ಲೇ ಹೇಳಿದ್ದಳು.

"ನೋಡದೆ ಹೇಳ್ಬೇಡಿ ಸ್ವಾಮಿ. ನಾಳೆ ಇದೂ ಸುಳ್ಳು ಅಂತೀರಿ. ಕೈ ಹಾಕಿ. ಒಂದೊಂದೇ ತೆಗೆದು ಎಣಿಸಿ. ಎಣಿಸೋದು ಈ ಫೋನೊಳಗೆ ಕೇಳ್ಬೇಕು."

ದಡದ ಕಡೆಯಿಂದ ಹಲಗೆಗಳು ಬರುತ್ತಿದ್ದವು. ಎಲ್ಲಕ್ಕೂ ಮುಂದೆ ತಂಗಿ. ಅವಳ ಹಿಂದೆ ಹೊಟ್ಟೆ ಹೊತ್ತುಕೊಂಡು ಸೊಸೆ, ಬೇಡವೆಂದರೂ ಕೇಳದವಳು. ಅವರು ದಿಬ್ಬದ ಅಂಚಿಗೆ ಬಂದು ಸಾಲಾಗಿ ನಿಂತರು. ಯಂತ್ರ ಬರಬೇಕಾದ ದಾರಿ ಅದೇ. ಯಂತ್ರ ಇನ್ನೊಂದು ಸಲ ಕೂಗಿತು. ಯಾರೂ ಆ ಕಡೆ ತಿರುಗಲಿಲ್ಲ.

ಸಾಹೇಬ ಮೊಣಕೈ ತನಕ ಕೈ ಇಳಿಸಿದ. ಸಾಲಲಿಲ್ಲ. ಮುಖ ಓರೆ ಮಾಡಿ, ಕೆನ್ನೆ ನೀರಿಗೆ ತಾಗುವಷ್ಟು ಬಗ್ಗಿ, ಹೆಗಲ ತನಕ ಇಳಿಸಿದ. ಮುಷ್ಟಿ ಮೇಲೆ ಬಂದಾಗ ಬೆರಳ ಸಂದಿಯಿಂದ ರಕ್ತ, ಕೆಸರು, ನಡುವೆ ಉಗುರಿನಷ್ಟಗಲದ ಬಿಳಿ ಚಿಪ್ಪುಗಳು.

"ಒಂದು," ಎಂದ.

"ಗಟ್ಟಿಯಾಗಿ," ಎಂದಳು ಗುಮಾನಕ್ಕ, ಫೋನನ್ನು ನೀರಿನಿಂದ ಮೇಲಕ್ಕೆ ಹಿಡಿದು.